ಬೀದರ, ಭಾಲ್ಕಿ, ಔರಾದ: ಕೋಟೆ ಬಾಗಿಲಿಂದಲೇ ವಾಪಸ್ ಹೋಗುವ ಬೈಕುಗಳಿಗೆ

ಭಾನುವಾರ ಬೆಳಿಗ್ಗೆ ಬೀದರ ಕೋಟೆ ಬಾಗಿಲ ಹತ್ತಿರ ನಿಂತರೆ ಗುಡುಗುಡು ಅಂತ ಬುಲೆಟ್ಟುಗಳ ಸಾಲು ಬರೋದು ಕಾಣುತ್ತೆ. ಹೈದರಾಬಾದಿನಿಂದ ಸುಮಾರು 140 ಕಿ.ಮೀ. ಅಷ್ಟೇ, ಕತ್ತಲಿದ್ದಾಗ ಹೊರಟರೆ ತಿಂಡಿ ಹೊತ್ತಿಗೆ ಇಲ್ಲಿ. ಕೋಟೆ ಮುಂದೆ ಒಂದು ಫೋಟೋ, 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾ ಮುಂದೆ ಇನ್ನೊಂದು, ಅಷ್ಟೂರಿನ ಗುಮ್ಮಟಗಳ ಮುಂದೆ ಮತ್ತೊಂದು. ಆಮೇಲೆ ಗಾಡಿ ತಿರುಗಿಸಿ ಮನೆಗೆ. ನನ್ನ ತಕರಾರು ಇರೋದು ಇಲ್ಲೇ. ಬಹಮನಿ ಸುಲ್ತಾನರ ಇತಿಹಾಸ ಕೋಟೆಯಲ್ಲಿದೆ, ಸರಿ. ಆದರೆ ಇಲ್ಲಿನ ಜನರ ಇತಿಹಾಸ ಅದರಾಚೆ ಭಾಲ್ಕಿ, ಕಮಲನಗರ, ಔರಾದದ ಹಳ್ಳಿ ರಸ್ತೆಗಳಲ್ಲಿದೆ. ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ದಾರಿ ಇದು.

ಅಂದ ಹಾಗೆ, ಬೀದರಕ್ಕೆ 'ರೈಡ್' ಬಂದವರಲ್ಲಿ ನನಗೆ ಬಹಳ ಇಷ್ಟವಾದವನು ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಬಂದವನು. ಸಮುದ್ರ ದಾಟಿಸಿ ಒಂದು ಗಂಡು ಕುದುರೆ ತಂದಿದ್ದ. ಜುನ್ನರಿನಲ್ಲಿ ಅಲ್ಲಿನ ಖಾನ ಅದನ್ನು ಕಿತ್ತುಕೊಂಡ. ಹೇಗೋ ವಾಪಸ್ ಪಡೆದು, ಕೊನೆಗೆ ಬೀದರದಲ್ಲಿ ಮಾರಿದ. ಮಳೆಗಾಲದ ನಾಲ್ಕು ತಿಂಗಳು ಎಲ್ಲೆಲ್ಲೂ ನೀರು, ಕೆಸರು ಅಂತ ಬರೆದಿಟ್ಟಿದ್ದಾನೆ. ಜುಲೈನಲ್ಲಿ ಈ ಕಡೆ ಬೈಕ್ ಓಡಿಸಿದವರಿಗೆ ಅವನ ಸಂಕಟ ಚೆನ್ನಾಗಿ ಅರ್ಥವಾಗುತ್ತೆ!

ಯಾಕೆಂದರೆ ಬೀದರ ನಿಂತಿರೋದು ಜಂಬಿಟ್ಟಿಗೆಯ ಕೆಂಪು ದಿಬ್ಬದ ಮೇಲೆ. ಊರು ದಾಟಿ ಭಾಲ್ಕಿ ಕಡೆ ಇಳಿದರೆ ಮಣ್ಣು ಕೆಂಪಿನಿಂದ ಕಪ್ಪಿಗೆ ತಿರುಗುತ್ತೆ. ತೊಗರಿ, ಉದ್ದು, ಸೋಯಾ, ಕಬ್ಬು ಬೆಳೆಯುವ ಎರೆ ಹೊಲಗಳು. ಒಣಗಿದ್ದಾಗ ಕಲ್ಲು, ನೆನೆದಾಗ ಅಂಟು. ಡಾಂಬರು ಬಿಟ್ಟು ಒಂದಡಿ ಪಕ್ಕಕ್ಕೆ ಹೋದಿರೋ, ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಚಕ್ರ ತಿರುಗೋದೇ ನಿಂತುಹೋಗುತ್ತೆ.

ಬೀದರದಿಂದ ಸುಮಾರು 40 ಕಿ.ಮೀ. ಹೋದರೆ ಭಾಲ್ಕಿ. ಇಲ್ಲಿ ಕೋಟೆಗಿಂತ ಮೊದಲು ಹಿರೇಮಠಕ್ಕೆ ಹೋಗಿ. ಡಾ. ಚನ್ನಬಸವ ಪಟ್ಟದ್ದೇವರು (1890-1999) ಇದ್ದ ಮಠ. ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರದ ಭಾಷೆ ಉರ್ದು. ಶಾಲೆ, ಕೋರ್ಟು, ಕಂದಾಯ ಎಲ್ಲ ಅದರಲ್ಲೇ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಪಾಠ ಉರ್ದುವಿನಲ್ಲೇ. ಅಂಥ ಕಾಲದಲ್ಲಿ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಅಂತ ಈ ಭಾಗದ ಜನ ಇವತ್ತಿಗೂ ಹೇಳ್ತಾರೆ. ಬೆಂಗಳೂರಿನಲ್ಲಿ ಕೂತು ಕನ್ನಡದ ಬಗ್ಗೆ ಉದ್ದುದ್ದ ಮಾತಾಡುವ ನಾವು, ಮಕ್ಕಳಿಗೆ ಅ ಆ ಇ ಈ ಕಲಿಸೋಕೂ ಉಪಾಯ ಹೂಡಬೇಕಾದ ಪರಿಸ್ಥಿತಿ ಹೇಗಿತ್ತು ಅಂತ ಒಮ್ಮೆ ಯೋಚಿಸಬೇಕು.

ಭಾಲ್ಕಿಗೂ ಬಸವಕಲ್ಯಾಣಕ್ಕೂ ನಡುವೆ ಗೋರ್ಟಾ ಅಂತ ಒಂದು ಹಳ್ಳಿ ಇದೆ. 1948ರ ಮೇ ತಿಂಗಳಲ್ಲಿ ರಜಾಕಾರರು ಆ ಹಳ್ಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರು ಅಂತ ಹೇಳಲಾಗುತ್ತೆ. 2023ರ ಮಾರ್ಚ್‌ನಲ್ಲಿ ಅಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆ ಆಯಿತು. ಅದೇ 1948ರ ಸೆಪ್ಟೆಂಬರ್ 13ಕ್ಕೆ ಭಾರತೀಯ ಸೇನೆ ಒಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿಕೊಂಡ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೋಡಲು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅನ್ನೋದು ಅವರ ಅಂದಾಜು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು. ಮೊದಲನೆಯದಕ್ಕೆ ಸ್ಮಾರಕ ಇದೆ, ಎರಡನೆಯದರ ಬಗ್ಗೆ ಯಾರೂ ಬಾಯಿ ಬಿಡಲ್ಲ. ಎರಡೂ ಇದೇ ಮಣ್ಣಿನಲ್ಲಿ ಆದದ್ದು.

ಭಾಲ್ಕಿ ಬಿಟ್ಟು ಉತ್ತರಕ್ಕೆ ಮಾಂಜ್ರಾ ದಾಟಿದರೆ ಕಮಲನಗರ, ಪಟ್ಟದ್ದೇವರು ಹುಟ್ಟಿದ ಊರು. ಅಲ್ಲಿಂದ ಸ್ವಲ್ಪ ದೂರಕ್ಕೆ ಮಹಾರಾಷ್ಟ್ರದ ಉದಗೀರ. ಈಗ 'ಬೇರೆ ರಾಜ್ಯ', ಆದರೆ 1956ರ ಅಕ್ಟೋಬರ್ 31ರವರೆಗೆ ಅದೂ ಬೀದರ ಜಿಲ್ಲೆಯ ತಾಲ್ಲೂಕೇ! ನವೆಂಬರ್ 1ಕ್ಕೆ ಜಿಲ್ಲೆ ಮೂರು ತುಂಡಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಬೀದರ ತಾಲ್ಲೂಕಿನ ನ್ಯಾಲ್ಕಲ್ ಅತ್ತ ಹೋಯಿತು, ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಇತ್ತ ಉಳಿಯಿತು. ಕಾಗದದ ಮೇಲೆ ಗೆರೆ ಎಳೆದರು, ಆದರೆ ಬೀಗರು, ಸಂತೆ, ದನದ ವ್ಯಾಪಾರ ಎಲ್ಲ ಗೆರೆಯ ಎರಡೂ ಕಡೆ. ಕಪ್ಪು ಬಿಳುಪಿನ ದೇವಣಿ ತಳಿ ಎತ್ತು ಇಲ್ಲಿನ ಹೊಲಗಳಲ್ಲೂ ಅದೇ, ಆ ಕಡೆ ಹೊಲಗಳಲ್ಲೂ ಅದೇ.

ರೈಲಿನ ಕಥೆ ನೋಡಿ. ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಕಮಲನಗರ, ಉದಗೀರದ ಮೇಲೆ ಪರಳಿಗೆ ಹೋಗುವ ಹಳಿ ನಿಜಾಮನ ಕಾಲದ್ದು. ಅದು ನೋಡೋದು ಹೈದರಾಬಾದಿನ ಕಡೆಗೆ. ಪಕ್ಕದ ಕಲಬುರಗಿಗೆ ಬೀದರದಿಂದ ನೇರ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ಕ್ಕೆ. ರಾಜ್ಯ ಸೇರಿ 61 ವರ್ಷ ಆದ ಮೇಲೆ!

ನಾವು ಈ ಸುತ್ತು ಹೊಡೆದಾಗ ಗುಂಪಿನಲ್ಲಿ ಒಂದು ಹಳೇ ಯೆಜ್ಡಿ ಇತ್ತು. ಎಲ್ಲರ ಕಣ್ಣೂ ಅದರ ಮೇಲೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬರೋಕೆ ಶುರುವಾದದ್ದು 1961ರಲ್ಲಿ, ಅಂದರೆ ಬೀದರ ಮೈಸೂರು ರಾಜ್ಯ ಸೇರಿ ಐದು ವರ್ಷಕ್ಕೆ. 1973ರಲ್ಲಿ ಬೈಕಿನ ಹೆಸರು ಜಾವಾ ಹೋಗಿ ಯೆಜ್ಡಿ ಆಯಿತು, ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ರಾಜ್ಯದ ದಕ್ಷಿಣದಲ್ಲಿ ಹುಟ್ಟಿದ ಗಾಡಿ ಉತ್ತರದ ತುದಿಯ ತಾಲ್ಲೂಕಿನಲ್ಲಿ ಹೊಗೆ ಬಿಡುತ್ತಾ ಹೋಗೋದು ನೋಡೋಕೆ ಖುಷಿ :-)

ಆ ತುದಿ ತಾಲ್ಲೂಕೇ ಔರಾದ. ಚಹಾ ಅಂಗಡಿಯಲ್ಲಿ ಒಬ್ಬರು ಮರಾಠಿಯಲ್ಲಿ ಕೇಳ್ತಾರೆ, ಇನ್ನೊಬ್ಬರು ಕನ್ನಡದಲ್ಲಿ ಉತ್ತರಿಸ್ತಾರೆ, ಚಹಾ ಕೊಡುವವ ದಖ್ಖನಿಯಲ್ಲಿ ಲೆಕ್ಕ ಹೇಳ್ತಾನೆ. ಯಾರಿಗೂ ಅದು ವಿಶೇಷ ಅನ್ನಿಸಲ್ಲ. ಭಾಲ್ಕಿ, ಔರಾದ ಭಾಗ ತನಗೆ ಸೇರಬೇಕು ಅನ್ನೋದು ಮಹಾರಾಷ್ಟ್ರದ ಹಳೇ ಬೇಡಿಕೆ. 1967ರಲ್ಲಿ ಮಹಾಜನ ವರದಿ ಬಂತು, ಅವರು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಬೆಳಗಾವಿಯ ಹೆಸರು ಪತ್ರಿಕೆಗಳಲ್ಲಿ ಬರುತ್ತೆ, ಔರಾದದ್ದು ಬರೋದೇ ಇಲ್ಲ. ಇಲ್ಲಿನವರಿಗೆ ಗಡಿಗಿಂತ ದೊಡ್ಡ ಚಿಂತೆ ನೀರು, ರಸ್ತೆ, ಕೆಲಸ. 371(ಜೆ) ಮೀಸಲಾತಿ ಸಿಕ್ಕಿದ್ದು 2013ರಲ್ಲಿ.

ವಾಪಸ್ ಬರುವಾಗ ಸಂತಪುರದ ಮೇಲೆ ಬನ್ನಿ, ನಾಂದೇಡದಿಂದ ಬರುವ ಹೆದ್ದಾರಿ. ಕೌಠಾ ಹತ್ತಿರ ಮತ್ತೆ ಮಾಂಜ್ರಾ ಸಿಗುತ್ತೆ. ಮಹಾರಾಷ್ಟ್ರದಲ್ಲಿ ಹುಟ್ಟಿ, ಬೀದರ ಜಿಲ್ಲೆ ಹಾಯ್ದು, ತೆಲಂಗಾಣದಲ್ಲಿ ಗೋದಾವರಿ ಸೇರುವ ನದಿ. ಹೋಗೋದಾದರೆ ನವೆಂಬರ್ ನಂತರ ಹೋಗಿ, ಎರೆ ಮಣ್ಣು ಒಣಗಿರುತ್ತೆ, ತೊಗರಿ ಹೂ ಬಿಟ್ಟಿರುತ್ತೆ. ಪೆಟ್ರೋಲು ಭಾಲ್ಕಿಯಲ್ಲೇ ತುಂಬಿಸಿಕೊಳ್ಳಿ. ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಹಿಂದೆ ಲೈಟ್ ಇರೋದು ಕಡಿಮೆ, ಸೂರ್ಯ ಮುಳುಗೋ ಮೊದಲು ಬೀದರ ಸೇರಿಕೊಳ್ಳಿ.