ಕೊಪ್ಪಳದ ಮಗ್ಗುಲಿಗೆ ಬಂದ ಉಕ್ಕು

ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದು ಎರಡೇ ದಿನಕ್ಕೆ ಕೊಪ್ಪಳದಲ್ಲಿ ಗವಿಮಠದ ತೇರು. ಬಾದಾಮಿ, ಗುಳೇದಗುಡ್ಡ, ಗಜೇಂದ್ರಗಡದ ಕಡೆ ಎರಡೂ ಜಾತ್ರೆ ಮುಗಿಸಿಕೊಂಡೇ ಮನೆ ಸೇರುವವರಿದ್ದಾರೆ. ಈ ನಂಟು ಹಳೆಯದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಹೇಳುವಾಗ ಪುಲಿಗೆರೆ, ಒಂಕುಂದಗಳ ಜತೆಗೆ ನಮ್ಮ ಕಿಸುವೊಳಲನ್ನೂ (ಇಂದಿನ ಪಟ್ಟದಕಲ್ಲು) ಕೊಪಣ ನಗರವನ್ನೂ ಹೆಸರಿಸುತ್ತದೆ. ಹೀಗಾಗಿ ಕೊಪ್ಪಳದ ಗದ್ದಲ ನಮಗೆ ಪಕ್ಕದ ಓಣಿಯ ಗದ್ದಲ ಇದ್ದಂತೆ.

ಊರಿಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ವಯಸ್ಸು. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಜೈನರಿಗೆ ಕೊಪಣ ಮಹಾತೀರ್ಥವಾಗಿತ್ತು. 1858ರಲ್ಲಿ ಮುಂಡರಗಿ ಭೀಮರಾಯ ಇಂಗ್ಲಿಷರ ವಿರುದ್ಧ ಹೋರಾಡಿ ಬಿದ್ದದ್ದು ಇಲ್ಲಿನ ಕೋಟೆಯಲ್ಲೇ. ನಿಜಾಮರ ಆಳ್ವಿಕೆ ಮುಗಿದ ಮೇಲೆ ಬಹುಕಾಲ ರಾಯಚೂರಿಗೆ ಅಂಟಿಕೊಂಡಿದ್ದ ಈ ತಾಲ್ಲೂಕು ಜಿಲ್ಲೆಯಾದದ್ದು 1997ರಲ್ಲಿ.

ಕಾರ್ಖಾನೆಗಳು ಇಲ್ಲಿಗೆ ಬಂದದ್ದು ಆಕಸ್ಮಿಕವಲ್ಲ. ಮುನಿರಾಬಾದಿನ ತುಂಗಭದ್ರಾ ಜಲಾಶಯದ ಹಿನ್ನೀರು ಹತ್ತಿರ, ಸಂಡೂರು-ಹೊಸಪೇಟೆಯ ಅದಿರು ಹತ್ತಿರ, ಊರ ನಡುವೆಯೇ ಗದಗ-ಹೊಸಪೇಟೆ ರೈಲು ಹಳಿ. ಗಿಣಿಗೇರಿ, ಬೇವಿನಹಳ್ಳಿ, ಅಲ್ಲಾನಗರ, ಹಾಲವರ್ತಿಗಳ ಸುತ್ತ ಉಕ್ಕಿನ, ಬೀಡುಕಬ್ಬಿಣದ, ಸ್ಪಾಂಜ್ ಐರನ್‌ನ ಚಿಮಣಿಗಳು ಒಂದೊಂದಾಗಿ ಎದ್ದವು. ಆ ಹಳ್ಳಿಗಳಲ್ಲಿ ಬೆಳಗ್ಗೆ ಮಾಳಿಗೆ ಮೇಲೆ ಬರಿಗಾಲಲ್ಲಿ ಓಡಾಡಿದರೆ ಅಂಗಾಲು ಕರ್ರಗಾಗುತ್ತದೆ. ಮೆಕ್ಕೆಜೋಳದ ಗರಿಯ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಒಣಹಾಕಿದ ಬಟ್ಟೆ, ಹತ್ತಿಯ ಕಾಯಿ, ದನದ ಮೇವು ಯಾವುದನ್ನೂ ಕರಿಧೂಳು ಬಿಡುವುದಿಲ್ಲ. ಕೆಮ್ಮು-ದಮ್ಮಿನ ಮಾತು ಪ್ರತಿ ಕಟ್ಟೆಯಲ್ಲೂ ಕೇಳುತ್ತದೆ.

ಇಷ್ಟರ ನಡುವೆ 2025ರ ಫೆಬ್ರವರಿಯಲ್ಲಿ, ಬೆಂಗಳೂರಿನ ಬಂಡವಾಳ ಹೂಡಿಕೆದಾರರ ಸಮಾವೇಶದಲ್ಲಿ ಹೊಸ ಸುದ್ದಿ ಬಂತು. ಹಾಲವರ್ತಿ ಬಳಿ ಈಗಾಗಲೇ ಅದಿರಿನ ಪೆಲೆಟ್ ಘಟಕ ನಡೆಸುತ್ತಿರುವ ಬಲ್ಡೋಟಾ ಸಮೂಹ ಅದರ ಪಕ್ಕದಲ್ಲೇ ಬಿಎಸ್‌ಪಿಎಲ್ ಹೆಸರಿನಲ್ಲಿ ವರ್ಷಕ್ಕೆ 1.05 ಕೋಟಿ ಟನ್ ಉಕ್ಕು ತಯಾರಿಸುವ ಕಾರ್ಖಾನೆ ಕಟ್ಟುತ್ತದೆ, ಹೂಡಿಕೆ 54,000 ಕೋಟಿ ರೂಪಾಯಿ. ಪೆಲೆಟ್ ಘಟಕವೆಂದರೆ ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಸುಡುವುದು. ಉಕ್ಕಿನ ಕಾರ್ಖಾನೆಯೆಂದರೆ ಕೋಕ್ ಒಲೆ, ಊದುಕುಲುಮೆ, ಗುಡ್ಡ ಗುಡ್ಡ ಕಿಟ್ಟ. ಒಂದು ಟನ್ ಉಕ್ಕಿಗೆ ಸರಿಸುಮಾರು ಒಂದೂವರೆ ಟನ್ ಅದಿರು, ಮುಕ್ಕಾಲು ಟನ್ ಕಲ್ಲಿದ್ದಲು ಬೇಕು. ಅಷ್ಟೂ ಊರ ಬಗಲಲ್ಲೇ ಬಂದು ಇಳಿಯಬೇಕು. ಇದನ್ನು ವಿಸ್ತರಣೆ ಎಂದು ಕರೆಯುವುದು ನನಗೇನೋ ಬಹಳ ಮೆತ್ತಗಿನ ಮಾತಾಗಿ ಕಾಣುತ್ತದೆ. ತೋರಣಗಲ್ಲಿಗೆ ಹೋಗಿ ಜಿಂದಾಲ್ ಕಾರ್ಖಾನೆ ನೋಡಿ ಬಂದವರಿಗೆ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಅಂಗಡಿ ಮುಚ್ಚಿದವು. ಪಕ್ಷ, ಜಾತಿ, ಸಂಘಟನೆ ನೋಡದೆ ಜನ ಬೀದಿಗಿಳಿದರು. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು. ಹೂಳು, ಜಾಲಿ ತುಂಬಿದ್ದ ಹಿರೇಹಳ್ಳವನ್ನು 2019ರಲ್ಲಿ ಜನರಿಂದಲೇ 20 ಕಿಲೋಮೀಟರಿಗೂ ಹೆಚ್ಚು ಉದ್ದ ಹಸನು ಮಾಡಿಸಿದವರು ಅವರು, ಅವರ ಮಾತಿಗೆ ಇಲ್ಲಿ ತೂಕವಿದೆ. ಕಾರ್ಖಾನೆ ನಿಲ್ಲಿಸುವ ಆದೇಶ ಹಿಡಿದುಕೊಂಡು ಬನ್ನಿ ಎಂದು ಜನಪ್ರತಿನಿಧಿಗಳಿಗೆ ಅಂದೇ ಹೇಳಿಬಿಟ್ಟರು. ಮಠದವರು ಹೀಗೆ ಜನರ ಜತೆ ನಿಲ್ಲುವುದು ಈ ಸೀಮೆಗೆ ಹೊಸತಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಗೆ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದಾಗ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜತೆ ನಿಂತಿದ್ದರು, ಯೋಜನೆ ಬಿದ್ದುಹೋಯಿತು.

ಕೊಪ್ಪಳದ ಪ್ರಶ್ನೆ ಅಷ್ಟು ಸಲೀಸಿನದಲ್ಲ. ಹಳ್ಳಿಗುಡಿಯಲ್ಲಿ ಹೊಲ ಇನ್ನೂ ರೈತರ ಕೈಯಲ್ಲಿತ್ತು. ಇಲ್ಲಿ ಸುಮಾರು ಸಾವಿರ ಎಕರೆ ಕೈಬಿಟ್ಟುಹೋಗಿ ಎರಡು ದಶಕದ ಹತ್ತಿರವಾಗಿದೆ. ಅಂದು ಹೊಲ ಕೊಟ್ಟವರು ಮನೆಗೊಂದು ನೌಕರಿ ಎಂಬ ಆಸೆಯ ಮೇಲೆ ಕೊಟ್ಟರು. ಹೊಲ ಹೋಯಿತು, ನೌಕರಿ ಬರಲಿಲ್ಲ, ಮಕ್ಕಳು ದುಡಿಯುವ ವಯಸ್ಸಿಗೆ ಬಂದರು. ಅವರಲ್ಲಿ ಕೆಲವರು ಕಾರ್ಖಾನೆ ಬೇಗ ಶುರು ಮಾಡಿ ಎಂದೇ ಪ್ರತಿಭಟನೆಗೆ ಕೂತರು. ಅವರನ್ನು ಕಂಪನಿಯ ಕಡೆಯವರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪೇಟೆಯವನಿಗೆ ಕಾರ್ಖಾನೆ ಬಾರದಿದ್ದರೆ ಗಾಳಿ ಉಳಿಯಿತು, ಹೊಲ ಕಳೆದುಕೊಂಡವನಿಗೆ ಏನು ಉಳಿಯಿತು?

ಬಸಾಪುರ ಕೆರೆಯ ತಕರಾರು ಇದರಲ್ಲೇ ಹೆಣೆದುಕೊಂಡಿದೆ. 44 ಎಕರೆಗೂ ಮಿಕ್ಕಿದ ಆ ಕೆರೆ ಕಂಪನಿಯ ಆವರಣದೊಳಗೆ ಸೇರಿಹೋಯಿತು, ದನ-ಕುರಿಗಳಿಗೆ ನೀರಿನ ದಾರಿ ತಪ್ಪಿತು ಎಂಬುದು ಕುರಿಗಾರರ, ರೈತರ ದೂರು. ಪಕ್ಕದಲ್ಲೇ ಕಂಪನಿಯ ಸ್ವಂತ ವಿಮಾನದಾರಿ ಇದೆ. ಉಡಾನ್ ಯೋಜನೆಯ ಪಟ್ಟಿಯಲ್ಲಿ ಅದರ ಹೆಸರಿದ್ದರೂ ಸರ್ಕಾರಕ್ಕೂ ಕಂಪನಿಗೂ ಒಪ್ಪಂದ ಕುದುರದೆ ಕೊಪ್ಪಳದವರಿಗೆ ವಿಮಾನ ಏರುವ ಯೋಗ ಬರಲಿಲ್ಲ.

2025ರ ಮಾರ್ಚ್‌ನಲ್ಲಿ ಜಿಲ್ಲೆಯ ನಿಯೋಗ ಬೆಂಗಳೂರಿಗೆ ಹೋದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕೆಲಸ ನಿಲ್ಲಿಸುವಂತೆ ಜಿಲ್ಲಾಧಿಕಾರಿಗೆ ಮೌಖಿಕವಾಗಿ ಹೇಳಿದರು. ಆ ಮಾತು ಲಿಖಿತ ಆದೇಶವಾಗಲೆಂದು ಅದೇ ವರ್ಷದ ಕೊನೆಯಲ್ಲಿ ಜನ ನಗರಸಭೆ ಮುಂದೆ ಟೆಂಟ್ ಹಾಕಿ ಅನಿರ್ದಿಷ್ಟ ಧರಣಿಗೆ ಕೂತರು. ಬಾಯಿಮಾತು ಬೇಡ, ಯೋಜನೆ ರದ್ದಾಯಿತೆಂಬ ಕಾಗದ ಕೊಡಿ ಎಂಬುದು ಅವರ ಪಟ್ಟು.