ಮೆಣಸಿನಕಾಯಿ ಯಾವೂರದು?

ಸೊಲ್ಲಾಪುರ, ಅಕ್ಕಲಕೋಟೆ ಕಡೆ ಯಾರ ಮನಿಗೆ ಹೋದರೂ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ತಪ್ಪೂದಿಲ್ಲ. ಇದು ತಲೆತಲಾಂತರದ ಊಟ ಅಂತ ನಾವು ಹೇಳತೀವಿ. ಜೋಳದ ಮಟ್ಟಿಗೆ ಆ ಮಾತು ಖರೆ. ಚಟ್ನಿಯ ಖಾರದ ಮಟ್ಟಿಗೆ ಅಲ್ಲ. ಮೆಣಸಿನಕಾಯಿ ಮೆಕ್ಸಿಕೋ ಸೀಮೆಯ ಗಿಡ. ಅಲ್ಲಿಯ ಜನ ಅದನ್ನು ಸಾವಿರಾರು ವರ್ಷಗಳಿಂದ ಬೆಳೆದು ಉಣ್ಣುತ್ತಿದ್ದರು. 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟುವ ತನಕ ನಮ್ಮ ದೇಶದಾಗ ಅದನ್ನು ಕಂಡವರಿರಲಿಲ್ಲ.

ಹಾಗಾದರೆ ನಮ್ಮ ಹಿರಿಯರು ಸಪ್ಪಗೆ ಉಣ್ಣುತ್ತಿದ್ದರೇನು? ಇಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸಿದ ಕಾಲಕ್ಕೆ ಖಾರವೆಂದರೆ ಮೆಣಸು, ಹಿಪ್ಪಲಿ, ಶುಂಠಿ. ಅದೇ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅಡುಗೆಯ ವಿವರ ಬೇಕಾದಷ್ಟು ಇವೆ. ಮೆಣಸು, ಇಂಗು, ಶುಂಠಿ ಇವೆ, ಮೆಣಸಿನಕಾಯಿ ಇಲ್ಲ. ಆ ಹಳೆಯ ರುಚಿಯ ಗುರುತು ಬಾಣಂತಿಯ ಪಥ್ಯದಲ್ಲಿ ಇನ್ನೂ ಉಳಿದಿದೆ. ಆಕೆಯ ಸಾರಿಗೆ ಮೆಣಸಿನಕಾಯಿ ಬಿಟ್ಟು ಕರಿಮೆಣಸು ಹಾಕುವುದು ಸುಮ್ಮನೆ ಅಲ್ಲ.

ಆದರೆ ಮೆಣಸಿನ ಬಳ್ಳಿಗೆ ವರ್ಷಕ್ಕೆ 2,000 ಮಿ.ಮೀ. ಆಸುಪಾಸು ಮಳೆ ಬೇಕು. ನಮ್ಮ ಕಡೆ ಬೀಳೂದು ಸುಮಾರು 550. ಆದ್ದರಿಂದ ಮೆಣಸನ್ನು ರೊಕ್ಕ ಕೊಟ್ಟು ಕೊಳ್ಳಬೇಕು. ಬಡವರ ಮನಿಗೆ ಅದು ತುಟ್ಟಿ.

1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಯಿಂದ ಗೋವಾ ಕಸಿದುಕೊಂಡರು. ಅವರ ಹಡಗಿನ ವ್ಯಾಪಾರದ ಜೊತೆ ಮೆಣಸಿನಕಾಯಿ ಕರಾವಳಿಗೆ ಬಂದು, ಘಟ್ಟ ಹತ್ತಿ ನಮ್ಮ ಕರಿಮಣ್ಣಿಗೂ ಮುಟ್ಟಿತು. ಒಂದು ಒಣಕಾಯಿ ಒಡೆದರೆ ಹತ್ತಾರು ಬೀಜ. ಮಡಿಯಾಗ ಚೆಲ್ಲಿ, ಐದಾರು ವಾರಕ್ಕೆ ಸಸಿ ಕಿತ್ತು ಹಚ್ಚಿದರೆ ಆತು. ಬಚ್ಚಲ ನೀರು ಹರಿಯುವ ಕಡೆ ಎರಡು ಗಿಡ ಇದ್ದರೂ ಮನಿಯ ಹಸಿಖಾರಕ್ಕೆ ಸಾಕು. ಹಣ್ಣಾದದ್ದನ್ನು ಅರೆದರೆ ರಂಜಕ. ಒಣಗಿಸಿ ಕುಟ್ಟಿದರೆ ವರ್ಷದ ಮಸಾಲಿ ಖಾರ. ಖಾರ ಕೊಳ್ಳುತ್ತಿದ್ದವರು ಖಾರ ಬೆಳೆಯುವವರಾದರು. ಈ ಗಿಡದ ಇತಿಹಾಸದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ.

ಹೆಸರಿನ ಕಥೆಯೂ ಕೇಳುವಂಥದ್ದು. ಕನ್ನಡದವರು ಹಳೆಯ ಮೆಣಸಿಗೆ 'ಕಾಯಿ' ಸೇರಿಸಿ ಮೆಣಸಿನಕಾಯಿ ಅಂದರು. ಮರಾಠಿಯವರ 'ಮಿರ್ಚಿ'ಯ ಮೂಲವೂ ಕರಿಮೆಣಸಿನ ಸಂಸ್ಕೃತ ಹೆಸರು 'ಮರೀಚ'ವೇ. ಎರಡೂ ಭಾಷೆಯವರು ಹೊಸಬನಿಗೆ ಮನಿಯ ಹಿರಿಯನ ಹೆಸರನ್ನೇ ಇಟ್ಟರು. ಆಮೇಲೆ ಹಿರಿಯನೇ 'ಕರಿ' ಎಂಬ ಗುರುತು ಹಚ್ಚಿಕೊಳ್ಳಬೇಕಾಯಿತು!

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಡಲಾಚೆಯ ಗಿಡ ಕನ್ನಡದ ಊರೊಂದರ ಹೆಸರಿನಲ್ಲಿ ಕಾಯದೆಯ ಪ್ರಕಾರ ನಮ್ಮದಾಯಿತು. ಗಡಿಭಾಗದಲ್ಲಿ ಇರುವ ನಮಗೆ 'ಮೊದಲು ಬಂದವರು ಯಾರು, ಈ ಊರು ಯಾರದು' ಎಂಬ ವಾದ ಹೊಸದಲ್ಲ. ಆ ವಾದಕ್ಕೆ ಕೂಡುವ ಮುಂಚೆ ಎರಡೂ ಕಡೆಯವರು ತಮ್ಮ ತಾಟಿನಾಗಿನ ಕೆಂಪು ಚಟ್ನಿ ಒಮ್ಮೆ ನೋಡಿಕೊಳ್ಳಲಿ. ಇಲ್ಲಿಯ ಮಣ್ಣಾಗ ಬೇರು ಬಿಟ್ಟು, ಇಲ್ಲಿಯವರ ಹೊಟ್ಟಿಗೆ ಆದದ್ದು ಇಲ್ಲಿಯದೇ.