ಮಾಡು, ಮೀಟರು, ಬಿಸಿಲು: ನಮ್ಮ ಕ್ಯಾಂಪಸ್‌ಗಳು ಕರೆಂಟು ಉಳಿಸಲು ಕಲಿತ ಬಗೆ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಮಂಗಳೂರಿನ ಹಂಪನಕಟ್ಟೆಯಿಂದ ಜ್ಯೋತಿ ಸರ್ಕಲ್ ದಾಟಿ ಬಲ್ಮಠದ ಏರು ಹತ್ತಿದವರಿಗೆ ಸೆಕೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಗಿ ಬೆನ್ನಿಗೆ ಅಂಟಿರುತ್ತದೆ. ಅದೇ ಬೆವರಿನಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಆವರಣ ಹೊಕ್ಕು, ಹಂಚು ಹೊದೆಸಿದ ಹಳೆಯ ಕಟ್ಟಡದ ಜಗಲಿಯಲ್ಲಿ ಎರಡು ನಿಮಿಷ ನಿಂತರೆ ಮೈ ಆರುತ್ತದೆ. ದಪ್ಪ ಮುರಕಲ್ಲಿನ ಗೋಡೆ, ಗೋಡೆಗೆ ಬಿಸಿಲು ತಾಗದಂತೆ ಮುಂದಕ್ಕೆ ಚಾಚಿದ ಮಾಡು, ತಲೆಯಿಂದ ಬಹಳ ಎತ್ತರದಲ್ಲಿ ಪಕ್ಕಾಸು, ರೀಪು, ಅದರ ಮೇಲೆ ಹಂಚು. ಹಂಚು ಹಂಚಿನ ಸಂದಿನಲ್ಲಿ ಕಾದ ಗಾಳಿ ಮೇಲಕ್ಕೆ ಹೋಗುತ್ತದೆ, ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಆದ್ದರಿಂದ ಇಲ್ಲಿ ಮೈ ತಣಿಯಲು ಗಾಳಿ ತಂಪಾಗಿರುವುದಕ್ಕಿಂತ ಅದು ಓಡಾಡುತ್ತಿರುವುದು ಮುಖ್ಯ. ಈ ಕಟ್ಟಡಗಳನ್ನು ಕಟ್ಟಿದವರಿಗೆ ಕರೆಂಟೇ ಇರಲಿಲ್ಲ, ಹಾಗಾಗಿ ಅವರು ಗಾಳಿಯ ದಾರಿಯನ್ನು ಗೋಡೆಯಲ್ಲೇ ಮಾಡಿಕೊಟ್ಟರು.

ಕ್ಯಾಂಪಸ್ಸಿನಲ್ಲಿ ಇಂಧನ ಉಳಿತಾಯ ಎಂದಾಗ ಈಗ ಎಲ್ಲರ ಕಣ್ಣೂ ತಾರಸಿಯ ಸೌರ ಫಲಕದ ಮೇಲೆ ಹೋಗುತ್ತದೆ. ನಾನು ಕತೆಯನ್ನು ಈ ಜಗಲಿಯಿಂದ ಶುರುಮಾಡುತ್ತೇನೆ. ಬಲ್ಮಠದಿಂದ ನಡೆದು ಹೋಗುವಷ್ಟು ದೂರದಲ್ಲಿ ಎಷ್ಟು ವಿದ್ಯಾಸಂಸ್ಥೆಗಳು! ಇಲ್ಲೇ ಸರ್ಕಾರಿ ಮಹಿಳಾ ಕಾಲೇಜು. ಹಂಪನಕಟ್ಟೆಯಲ್ಲಿ 1868ರಲ್ಲಿ ಆರಂಭವಾದ ಸರ್ಕಾರಿ ಕಾಲೇಜು, ಅಂದರೆ ಈಗಿನ ವಿಶ್ವವಿದ್ಯಾಲಯ ಕಾಲೇಜು. ಲೈಟ್‌ಹೌಸ್ ಗುಡ್ಡದ ಮೇಲೆ 1880ರ ಸಂತ ಅಲೋಶಿಯಸ್, 2024ರಲ್ಲಿ ಅದು ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬೆಂದೂರಿನಲ್ಲಿ 1921ರ ಸೇಂಟ್ ಆಗ್ನೆಸ್. ನೂರೈವತ್ತು ವರ್ಷಗಳ ಕಟ್ಟಡ ವಿದ್ಯೆ ಒಂದೇ ಸಂಜೆಯ ನಡಿಗೆಯಲ್ಲಿ ಕಾಣಸಿಗುವ ಊರು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಆ ಜಗಲಿಯ ಮೇಲಿನ ಹಂಚಿನ ಕತೆಗೆ ಬಂದರೆ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅವರ ಮುದ್ರಣಾಲಯ ಶುರುವಾಯಿತು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಆ ಮುದ್ರಣಾಲಯದಲ್ಲೇ. ಅಚ್ಚಿನ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಡದ ಆವೆಮಣ್ಣನ್ನು ಪರೀಕ್ಷಿಸಿ ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಮಂಗಳೂರು ಹಂಚು ಹಡಗು ಹತ್ತಿ ದೇಶಾಂತರ ಹೋಯಿತು. ಅಲ್ಲಿಯವರೆಗೆ ಮುಳಿಹುಲ್ಲು, ಸೋಗೆ ಹೊದೆಸುತ್ತಿದ್ದ ಊರಿಗೆ ವರ್ಷವರ್ಷವೂ ಬದಲಿಸಬೇಕಿಲ್ಲದ, ಬೆಂಕಿಗೆ ಹೆದರಬೇಕಿಲ್ಲದ ಮಾಡು ಸಿಕ್ಕಿತು. ನಡುವೆ ಒಂದೆರಡು ಗಾಜಿನ ಹಂಚು ಕೂರಿಸಿದರೆ ಹಗಲು ದೀಪ ಬೇಡ. ಈ ಹಂಚನ್ನು ಸುಟ್ಟ ಗೂಡುಗಳಿಗೆ ಬೇಕಾದ ಸೌದೆ ಕಾಡಿನಿಂದಲೇ ಬಂತು, ಅದನ್ನು ಮರೆತು ಹಳೆಯದನ್ನು ಹೊಗಳುವುದು ನ್ಯಾಯವಲ್ಲ. ಆದರೆ ಒಮ್ಮೆ ಸುಟ್ಟ ಹಂಚು ಎರಡು ಮೂರು ತಲೆಮಾರು ಬಾಳುತ್ತದೆ, ಕಟ್ಟಡ ಕೆಡವಿದರೆ ಇನ್ನೊಂದು ಮಾಡಿಗೆ ಹೋಗುತ್ತದೆ.

ಆಮೇಲೆ ಸಿಮೆಂಟಿನ ತಾರಸಿ ಬಂತು. ಮಕ್ಕಳು ಹೆಚ್ಚಾದರು, ಜಾಗ ಕಿರಿದಾಯಿತು, ಮಹಡಿಯ ಮೇಲೆ ಮಹಡಿ ಬೇಕಾಯಿತು. ಸುಣ್ಣದ ಬಿಳುಪೂ ಇಲ್ಲದ ಕಾಂಕ್ರೀಟು ಹಗಲಿಡೀ ಬಿಸಿಲು ಹೀರಿ ರಾತ್ರಿಯವರೆಗೂ ಕೆಳಗಿನ ಕೋಣೆಗೆ ಕಾವು ಇಳಿಸುತ್ತದೆ. ಮಳೆಗಾಲದಲ್ಲಿ ಅದೇ ತಾರಸಿ ಸೋರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿಗೆ ಚಪ್ಪಟೆ ಮಾಡು ಹೇಳಿಮಾಡಿಸಿದ್ದಲ್ಲ. ಅದಕ್ಕೇ ಮಂಗಳೂರಿನಲ್ಲಿ ತಾರಸಿಯ ಮೇಲೆ ಮತ್ತೆ ಶೀಟು ಹಾಕಿಸುವ ರೂಢಿ ಬೆಳೆಯಿತು, ಕಾಲೇಜುಗಳೂ ಅದನ್ನೇ ಮಾಡಿದವು. ಗಾಳಿ ಗೋಡೆಯಿಂದ ಬರುವುದು ನಿಂತಾಗ ಫ್ಯಾನು ಬಂತು, ಬೆಳಕು ಮಾಡಿನಿಂದ ಇಳಿಯುವುದು ನಿಂತಾಗ ಟ್ಯೂಬ್‌ಲೈಟು ಬಂತು. ನಮ್ಮ ಕಾಲೇಜುಗಳ ಕರೆಂಟ್ ಬಿಲ್ಲಿನ ದೊಡ್ಡ ಪಾಲು ಹೀಗೆ ಕಟ್ಟಡದ ನಕ್ಷೆಯಲ್ಲೇ ಬರೆದು ಬಂದದ್ದು.

ಇಂಧನವನ್ನು ವಿಶ್ವವಿದ್ಯಾಲಯದೊಳಗೆ ಒಂದು ವಿದ್ಯೆಯಾಗಿ ಕೈಗೆತ್ತಿಕೊಂಡ ಕೀರ್ತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. 1973ರ ತೈಲ ಬಿಕ್ಕಟ್ಟಿನ ಮರುವರ್ಷ ಅಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯಲ್ಲೇ ಕುಳಿತು ರೂಪಿಸುವುದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದರು, ಪುರ ಎಂಬ ಹಳ್ಳಿಯಲ್ಲಿ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ನೀರು, ಬೆಳಕು ಕೊಟ್ಟರು. ಹಳ್ಳಿಯ ಇಂಧನದ ಲೆಕ್ಕ ತೆಗೆದಾಗ ಕಂಡದ್ದು, ಬಹುಪಾಲು ಸೌದೆ ಒಲೆಗೆ ಹೋಗುತ್ತಿತ್ತು, ಅದನ್ನು ಹೊತ್ತು ತರುವ ಹೊತ್ತು ಹೆಂಗಸರದೂ ಮಕ್ಕಳದೂ ಆಗಿತ್ತು. ಅಲ್ಲಿಂದ ಹುಟ್ಟಿದ್ದು ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆ. ಸುಡದೆ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಬೆಳೆಸಿದ್ದೂ ಅಲ್ಲಿಯೇ. ಗೂಡಿನ ಬೆಂಕಿಯಿಲ್ಲದೆ ಗೋಡೆ ಎದ್ದಿತು.

ರೆಡ್ಡಿಯವರ ಒಂದು ವಿಚಾರ ಇಡೀ ಕ್ಷೇತ್ರವನ್ನೇ ತಿರುಗಿಸಿತು ಎಂದು ನಾನು ನಂಬುತ್ತೇನೆ. ಜನರಿಗೆ ಬೇಕಾದದ್ದು ಯೂನಿಟ್ಟಲ್ಲ, ಬೆಳಕು, ನೀರು, ಬೆಂದ ಅನ್ನ. ಅದೇ ಬೆಳಕು ಅರ್ಧ ಯೂನಿಟ್ಟಿನಲ್ಲಿ ಸಿಕ್ಕರೆ ಉಳಿದರ್ಧಕ್ಕೆ ಸ್ಥಾವರ ಕಟ್ಟುವುದೇಕೆ? 1987ರಲ್ಲಿ ಕರ್ನಾಟಕದ ವಿದ್ಯುತ್ ಯೋಜಕರು 2000ದವರೆಗಿನ ಬೇಡಿಕೆಗೆಂದು ದೊಡ್ಡದೊಂದು ಪಟ್ಟಿ ಸಿದ್ಧಪಡಿಸಿದ್ದರು. ರೆಡ್ಡಿ ಮತ್ತು ಸಂಗಡಿಗರು ಎದುರಿಗೊಂದು ಲೆಕ್ಕವಿಟ್ಟರು. ದಕ್ಷ ದೀಪ, ದಕ್ಷ ಪಂಪು, ಸ್ನಾನಕ್ಕೆ ಸೌರ ಹೀಟರು ಎಂದು ಒಂದೊಂದಾಗಿ ಕೂಡಿ, ಎಲ್ಲ ಮನೆಗಳಿಗೂ ಸಂಪರ್ಕ ಕೊಟ್ಟೂ, ಆ ಪಟ್ಟಿಯ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು ಸಾಕೆಂದು ತೋರಿಸಿದರು. ಕಾಲೇಜೊಂದರ ಪ್ರಾಂಶುಪಾಲರಿಗೂ ಹಣಕಾಸು ಅಧಿಕಾರಿಗೂ ಅದೇ ಲೆಕ್ಕ ಸಲ್ಲುತ್ತದೆ.

ಕರಾವಳಿಯವರಿಗೆ ಈ ವಿಚಾರ ಪುಸ್ತಕದಿಂದ ಬರಲಿಲ್ಲ. ನಂದಿಕೂರಿನಲ್ಲಿ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪನಿ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಟಾಗ 1990ರ ದಶಕದುದ್ದಕ್ಕೂ ಇಲ್ಲಿ ಹೋರಾಟ ನಡೆಯಿತು. 1999ರ ಡಿಸೆಂಬರಿನಲ್ಲಿ ಕಂಪನಿ ಹಿಂದೆ ಸರಿಯಿತು. ಆದರೂ ಅದೇ ಭಾಗದಲ್ಲಿ ಇನ್ನೊಂದು ಸ್ಥಾವರ ಎದ್ದಿತು. ಪಡುಬಿದ್ರಿ ಸಮೀಪದ ಎಲ್ಲೂರಿನಲ್ಲಿ 1200 ಮೆಗಾವಾಟಿನ ಘಟಕಗಳು ಹಡಗಿನಲ್ಲಿ ಬರುವ ಕಲ್ಲಿದ್ದಲನ್ನು ಸುಡುತ್ತವೆ. ಬಲ್ಮಠದ ತರಗತಿಯಲ್ಲಿ ಯಾರೂ ಇಲ್ಲದೆ ತಿರುಗುವ ಫ್ಯಾನಿಗೂ ಅಲ್ಲಿನ ಹಾರುಬೂದಿಗೂ ನಂಟಿದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆಯಲು ಸುಮಾರು ಅರ್ಧ ಕಿಲೋ ಕಲ್ಲಿದ್ದಲು ಉರಿಯಬೇಕು.

ಕಾನೂನಿನ ದಾರಿ ಆಮೇಲೆ ತೆರೆಯಿತು. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ, 2006ರಲ್ಲಿ ಉಪಕರಣಗಳಿಗೆ ನಕ್ಷತ್ರದ ಚೀಟಿ, 2007ರಲ್ಲಿ ದೊಡ್ಡ ಕಟ್ಟಡಗಳಿಗೆ ಇಂಧನ ಸಂಹಿತೆ. ಸುಪ್ರೀಂ ಕೋರ್ಟಿನ ಆದೇಶದಂತೆ ಪದವಿ ವಿದ್ಯಾರ್ಥಿಗಳಿಗೆಲ್ಲ ಪರಿಸರ ಅಧ್ಯಯನ ಕಡ್ಡಾಯವಾಯಿತು, ಆದರೆ ಆ ಪಾಠ ನಡೆಯುವ ಕೋಣೆಯ ದೀಪಕ್ಕೂ ಪಾಠಕ್ಕೂ ಸಂಬಂಧ ಕಲ್ಪಿಸಿದವರು ಕಡಿಮೆ. ಹೊರಗಿನ ಲೋಕದಲ್ಲಿ 1990ರಲ್ಲೇ ಫ್ರಾನ್ಸಿನ ತಲ್ವಾರ್‌ನಲ್ಲಿ ಸೇರಿದ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ತಮ್ಮ ಕ್ಯಾಂಪಸ್ಸೇ ಮಾದರಿಯಾಗಬೇಕೆಂಬ ಘೋಷಣೆಗೆ ಸಹಿ ಹಾಕಿದ್ದರು. ನಮ್ಮಲ್ಲಿ ಆ ಒತ್ತಡ ಬಂದದ್ದು ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಮೂಲಕ. ಅದರ 2017ರ ಪರಿಷ್ಕೃತ ನಮೂನೆಯ ಏಳನೆಯ ಮಾನದಂಡ ಸೌರಶಕ್ತಿ, ಜೈವಿಕ ಅನಿಲ, ಎಲ್‌ಇಡಿ, ಮಳೆನೀರು ಕೊಯ್ಲು, ಹಸಿರು ಲೆಕ್ಕಪರಿಶೋಧನೆ ಎಲ್ಲವನ್ನೂ ಕೇಳಿತು. ಕೇಳಿದ್ದರಿಂದ ಎಷ್ಟೋ ಕಾಲೇಜುಗಳು ಮೊದಲ ಸಲ ತಮ್ಮ ಮೀಟರು ಓದಿಕೊಂಡವು. ಆದರೆ ಐದು ವರ್ಷಕ್ಕೊಮ್ಮೆ ತಂಡ ಬರುವ ಮುಂಚೆ ತಯಾರಾಗುವ ಕಡತ ಒಂದು, ತಿಂಗಳು ತಿಂಗಳು ಬಿಲ್ಲು ಇಳಿಸುವ ಕೆಲಸ ಇನ್ನೊಂದು. ಉಪಕರಣ ಇದೆಯೇ ಎಂದು ಕೇಳಿದ ನಮೂನೆ, ಅದು ಎಷ್ಟು ಉಳಿಸಿತೆಂದೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು.

ಸೌರಶಕ್ತಿಯ ಬಗ್ಗೆ ಕರಾವಳಿಗೆ ಮೊದಲ ಪರಿಚಯ ತೋಟದ ಮನೆಗಳಿಂದ ಆಯಿತು. ಹರೀಶ್ ಹಂದೆ 1995ರಲ್ಲಿ ಜೊತೆಗಾರರೊಂದಿಗೆ ಕಟ್ಟಿದ ಸೆಲ್ಕೊ ಸಂಸ್ಥೆ ಕಂಬ ಮುಟ್ಟದ ಅಡಿಕೆ ತೋಟಗಳಿಗೆ ಸೌರ ದೀಪ ತಲುಪಿಸಿತು, ಬ್ಯಾಂಕುಗಳಿಂದ ಸಾಲ ಕೊಡಿಸಿತು. ಕ್ಯಾಂಪಸ್ ಹಾಸ್ಟೆಲುಗಳಲ್ಲಿ ಮೊದಲು ಬಂದದ್ದು ಸ್ನಾನದ ನೀರಿನ ಸೌರ ಹೀಟರು. ದೊಡ್ಡ ಫಲಕಗಳಿಗೆ ದಾರಿಯಾದದ್ದು 2014ರ ರಾಜ್ಯ ಸೌರನೀತಿ ಮತ್ತು ಬಳಸಿ ಉಳಿದ ಕರೆಂಟನ್ನು ಲೈನಿಗೆ ಬಿಟ್ಟು ಬಿಲ್ಲಿನಲ್ಲಿ ವಜಾ ಹಿಡಿಯುವ ನೆಟ್ ಮೀಟರಿಂಗ್. ಕಂಪನಿಯೇ ಬಂಡವಾಳ ಹಾಕಿ ತಾರಸಿಯಲ್ಲಿ ಫಲಕ ಕೂರಿಸಿ, ಕಾಲೇಜು ಯೂನಿಟ್ಟಿಗಿಷ್ಟೆಂದು ಕೊಡುವ ಒಪ್ಪಂದಗಳು ಬಂದ ಮೇಲೆ ಕೈಯಲ್ಲಿ ಹಣವಿಲ್ಲದ ಸಂಸ್ಥೆಗೂ ಬಾಗಿಲು ತೆರೆಯಿತು.

ಇಲ್ಲಿ ಒಂದು ಲೆಕ್ಕ ಹಾಕೋಣ. ಒಂದು ತರಗತಿಗೆ ನಾಲ್ಕು ಫ್ಯಾನು, ಆರು ಟ್ಯೂಬು. ಹಳೆಯ ಫ್ಯಾನು 75 ವ್ಯಾಟ್. ಹಳೆಯ ಟ್ಯೂಬು ಚೋಕ್ ಸೇರಿ 52 ವ್ಯಾಟ್. ಒಟ್ಟು 612. ಅಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು, 20 ವ್ಯಾಟಿನ ಎಲ್‌ಇಡಿ ಹಾಕಿದರೆ 240. ದಿನಕ್ಕೆ ಏಳು ಗಂಟೆ, ವರ್ಷಕ್ಕೆ 200 ದಿನ ಎಂದರೆ ಒಂದು ಕೋಣೆಯಲ್ಲಿ 520 ಯೂನಿಟ್ ಉಳಿತಾಯ, ಐವತ್ತು ಕೋಣೆಯ ಕಾಲೇಜಿನಲ್ಲಿ 26,000. ಅಷ್ಟನ್ನೇ ಸೌರಶಕ್ತಿಯಿಂದ ತೆಗೆಯಲು ಸುಮಾರು 20 ಕಿಲೋವ್ಯಾಟಿನ ಘಟಕ, ಅದಕ್ಕೆ 2,000 ಚದರಡಿ ತಾರಸಿ ಬೇಕು. ಮೊದಲು ಉಳಿಸಿ ಆಮೇಲೆ ಉತ್ಪಾದಿಸುವ ಕಾಲೇಜಿಗೆ ಚಿಕ್ಕ ಘಟಕ ಸಾಕು. ಈ ಅನುಕ್ರಮವನ್ನು ತಿರುವುಮುರುವು ಮಾಡಿದ ಕಡೆ ಹೊಸ ಫಲಕದ ಕರೆಂಟನ್ನು ಹಳೆಯ ಚೋಕು ತಿನ್ನುತ್ತಿರುತ್ತದೆ.

ಇದರ ನಡುವೆ ಎಸಿ ನುಗ್ಗಿದೆ. ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದು ಯೂನಿಟ್ಟಿಗೂ ಹೆಚ್ಚು ಎಳೆಯುತ್ತದೆ, ನಲವತ್ತು ಹೊಸ ಫ್ಯಾನುಗಳಷ್ಟು. ರಸ್ತೆಯ ಕಡೆ ಇಡೀ ಗಾಜು ಹೊದ್ದ ಕಾಲೇಜು ಕಟ್ಟಡಗಳನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ತೆರೆಯಲಾಗದ ಆ ಗಾಜಿನ ಹಿಂದೆ ಎಸಿ ನಿಲ್ಲಿಸಿದರೆ ಕೂರುವಂತಿಲ್ಲ. ಇನ್ನು ಐವತ್ತು ವರ್ಷದ ಬಿಲ್ಲನ್ನು ನಕ್ಷೆ ಬರೆದವರು ಒಂದೇ ದಿನ ಬರೆದುಬಿಟ್ಟಿದ್ದಾರೆ. ಸೆಟ್ಟಿಂಗನ್ನು 20ರಿಂದ 24 ಡಿಗ್ರಿಗೆ ಏರಿಸಿದರೆ ಪ್ರತಿ ಡಿಗ್ರಿಗೆ ಸುಮಾರು ಶೇ 6ರಷ್ಟು ಉಳಿತಾಯವೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಕಿಟಕಿಗೆ ಬಿಸಿಲು ತಾಗದಂತೆ ಒಂದು ಚಾಚು ಮಾಡಿದ್ದರೆ ಎಸಿಯ ಮಾತೇ ಬೇಡವಾಗುತ್ತಿದ್ದ ಕೋಣೆಗಳೂ ಇವೆ.

ನೀರಿನದೂ ಇದೇ ಕತೆ. 2016ರ ಮತ್ತು 2019ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ತಳ ಕಂಡು ನಗರದಲ್ಲಿ ರೇಷನಿಂಗ್ ಬಂದದ್ದು ನೆನಪಿರಬಹುದು. ಸಾವಿರ ಚದರ ಮೀಟರಿನ ಒಂದೇ ಮಾಡಿನಿಂದ ಮಳೆಗಾಲದಲ್ಲಿ 30 ಲಕ್ಷ ಲೀಟರಿನಷ್ಟು ನೀರು ಇಳಿಯುತ್ತದೆ. ಬಲ್ಮಠ ಗುಡ್ಡದ ಮೇಲಿನ ಜಾಗ, ಬಾವಿಗೆ ಇಂಗಿಸದಿದ್ದರೆ ಆ ನೀರು ಗಳಿಗೆಯಲ್ಲಿ ಚರಂಡಿ ಸೇರುತ್ತದೆ. ಕಸದ ಪಾಠ ಕಲಿಸಿದ್ದು 2019ರ ಆಗಸ್ಟ್. ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಹರಿಯಿತು. ಹಾಸ್ಟೆಲಿನ ಉಳಿದ ಅನ್ನ, ತರಕಾರಿ ಸಿಪ್ಪೆ ಆವರಣದ ಗೋಬರ್ ಗ್ಯಾಸ್ ಗುಂಡಿಗೆ ಹೋದರೆ ಆ ರಾಶಿಗೆ ಅಷ್ಟು ಕಮ್ಮಿ.

ಕರಾವಳಿಯ ಕ್ಯಾಂಪಸ್ಸಿಗೆ ಘಟ್ಟದ ಮೇಲಿನವರಿಗಿಲ್ಲದ ಒಂದು ತೊಡಕಿದೆ. ಜೂನ್, ಜುಲೈ, ಆಗಸ್ಟಿನಲ್ಲಿ ತರಗತಿಗಳು ತುಂಬಿರುತ್ತವೆ, ಮೋಡ ಕವಿದು ಹಗಲೂ ದೀಪ ಬೇಕು, ಆಗಲೇ ಫಲಕದ ಉತ್ಪಾದನೆ ಬಹಳ ಇಳಿಯುತ್ತದೆ. ಫಲಕದ ಅಂಚಿಗೆ ಪಾಚಿ ಕಟ್ಟುತ್ತದೆ, ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿಯುತ್ತದೆ. ಇದನ್ನು ನೋಡಿಕೊಳ್ಳುವ ಒಬ್ಬ ಎಲೆಕ್ಟ್ರಿಷಿಯನ್ ಕಾಲೇಜಿನಲ್ಲಿದ್ದರೆ ಘಟಕ ಬಾಳುತ್ತದೆ, ಇಲ್ಲದಿದ್ದರೆ ಉದ್ಘಾಟನೆಯ ಕಲ್ಲು ಮಾತ್ರ ಉಳಿಯುತ್ತದೆ.

ಬಿಸಿಲು ಉಕ್ಕುವುದು ರಜೆಯಲ್ಲಿ. ಮೇ ತಿಂಗಳ ಹನ್ನೆರಡು ಗಂಟೆಗೆ ಕಾಲೇಜಿನ ಗೇಟಿಗೆ ಬೀಗ, ಫ್ಯಾನುಗಳೆಲ್ಲ ನಿಂತಿವೆ, ಕಾವಲಿನವರೊಬ್ಬರು ಮರದಡಿ ಕುಳಿತಿದ್ದಾರೆ. ತಾರಸಿಯ ಕರೆಂಟು ಮೀಟರನ್ನು ದಾಟಿ ಹೊರಗೆ ಹರಿದು, ಅದೇ ಲೈನಿನ ಪಕ್ಕದ ಮೆಡಿಕಲ್ ಶಾಪಿನ ಫ್ರಿಡ್ಜಿಗೆ, ಎದುರಿನ ಹೋಟೆಲಿನ ಗ್ರೈಂಡರಿಗೆ ಹೋಗುತ್ತಿರುತ್ತದೆ. ಜುಲೈಯಲ್ಲಿ ಅದೇ ಮೀಟರು ಒಳಮುಖವಾಗಿ ಓಡುತ್ತದೆ.